ಜಾಲತಾಣದ ಮಾತೂ ಮತದ ಎಣಿಕೆಯೂ

ಚುನಾವಣೆಯ ಫಲವನ್ನು ಮುಂದಾಗಿ ತಿಳಿಯಬೇಕೆಂಬ ಕುತೂಹಲವು ಚುನಾವಣೆಯಷ್ಟೇ ಹಳೆಯದು. ಫೇಸ್‌ಬುಕ್, ಎಕ್ಸ್ ಮೊದಲಾದ ಸಾಮಾಜಿಕ ಜಾಲತಾಣಗಳು ಬಂದ ಮೇಲೆ ಈ ಕುತೂಹಲಕ್ಕೆ ಹೊಸದೊಂದು ಸಾಧನವು ದೊರೆತಿದೆ. ಅಲ್ಲಿ ಜನರು ಬರೆದುದನ್ನು ಗಣಕಯಂತ್ರದಿಂದ ಸಂಗ್ರಹಿಸಿ, ಯಾವ ಪಕ್ಷದ ಹೆಸರು ಎಷ್ಟು ಸಲ ಬಂದಿದೆ, ಬಂದುದು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ಎಣಿಸಿ, ಅದರಿಂದ ಮತಗಳ ಪ್ರಮಾಣವನ್ನು ಊಹಿಸುವುದೇ ಈ ಕ್ರಮ. ಮನೆಮನೆಗೂ ಹೋಗಿ ಪ್ರಶ್ನಿಸುವ ಶ್ರಮವಾಗಲಿ ವೆಚ್ಚವಾಗಲಿ ಇದರಲ್ಲಿಲ್ಲ. ಆದರೆ ಆಡಿದ ಮಾತನ್ನು ಕೊಟ್ಟ ಮತಕ್ಕೆ ಸಮನಾಗಿ ಎಣಿಸಬಹುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

2009ರ ಜರ್ಮನಿಯ ಚುನಾವಣೆಯನ್ನು ಕುರಿತು ತುಮಾಸ್ಯಾನ್ ಮತ್ತು ಅವರ ಸಂಗಡಿಗರು ಸುಮಾರು ಒಂದು ಲಕ್ಷ ಟ್ವಿಟರ್ ಬರಹಗಳನ್ನು ಪರಿಶೀಲಿಸಿ, ಪಕ್ಷಗಳ ಹೆಸರು ಬಂದ ಪ್ರಮಾಣವು ಮತಪ್ರಮಾಣಕ್ಕೆ ಬಹು ಸಮೀಪವಾಗಿತ್ತೆಂದು 2010ರಲ್ಲಿ ಪ್ರಕಟಿಸಿದರು. ಯುಂಗ್‌ಹೆರ್ ಮೊದಲಾದ ವಿದ್ವಾಂಸರು ಅದೇ ಎಣಿಕೆಯಲ್ಲಿ, ಮೊದಲಿನವರು ಬಿಟ್ಟಿದ್ದ ಪೈರೇಟ್ ಪಕ್ಷವನ್ನೂ ಸೇರಿಸಿದರೆ ಅದೇ ಎಲ್ಲಕ್ಕಿಂತ ಮುಂದಾಗುವುದೆಂದು ತೋರಿಸಿಕೊಟ್ಟರು. ವಾಸ್ತವವಾಗಿ ಆ ಪಕ್ಷಕ್ಕೆ ಬಂದ ಮತವು ಶೇಕಡ 2 ಮಾತ್ರ. ಅದರ ಬೆಂಬಲಿಗರು ಅಂತರ್ಜಾಲದಲ್ಲಿ ಹೆಚ್ಚಾಗಿ ಮಾತನಾಡುವವರಾಗಿದ್ದರೇ ಹೊರತು ಸಂಖ್ಯೆಯಲ್ಲಿ ಹೆಚ್ಚಿನವರಾಗಿರಲಿಲ್ಲ. ಈ ಪಾಠವು ಹೊಸದಲ್ಲ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯು 20 ಲಕ್ಷಕ್ಕೂ ಮೀರಿ ಉತ್ತರಗಳನ್ನು ಪಡೆದು ಲ್ಯಾಂಡನ್ ಗೆಲ್ಲುವರೆಂದು ಸಾರಿತು. ರೂಸ್‌ವೆಲ್ಟರು 48 ಸಂಸ್ಥಾನಗಳಲ್ಲಿ 46ನ್ನು ಗೆದ್ದರು.

ಇದೇ ಕ್ರಮವನ್ನು ಮೈಸೂರಿನ ರಾಜೀವನಗರಕ್ಕೆ ಅನ್ವಯಿಸಿದರೆ ತೊಡಕುಗಳು ಇನ್ನೂ ಹೆಚ್ಚುವುವು. ಈ ಬಡಾವಣೆಯು ಸೇರಿರುವ ನರಸಿಂಹರಾಜ ವಿಧಾನಸಭಾ ಕ್ಷೇತ್ರದಲ್ಲಿ 2013, 2018, 2023ರಲ್ಲಿ ಕಾಂಗ್ರೆಸ್ಸಿನ ತನ್ವೀರ್ ಸೇಠರೇ ಗೆದ್ದರು. ಆದರೆ ಎರಡನೆಯ ಸ್ಥಾನವು 2013ರಲ್ಲಿ ಎಸ್‌ಡಿಪಿಐಗೂ ಅನಂತರದ ಎರಡು ಸಲ ಭಾರತೀಯ ಜನತಾ ಪಕ್ಷಕ್ಕೂ ಹೋಯಿತು. ಇಂತಹ ಸ್ಪರ್ಧೆಯಲ್ಲಿ ಮತಗಳು ಹೇಗೆ ಹಂಚಿಹೋಗುವುವೆಂಬುದೇ ಮುಖ್ಯ. ಇಲ್ಲಿಯ ಜನರಲ್ಲಿ ದಖ್ಖನಿ ಉರ್ದುವೂ ಕನ್ನಡವೂ ಬಳಕೆಯಲ್ಲಿವೆ. ಎರಡನ್ನೂ ರೋಮನ್ ಲಿಪಿಯಲ್ಲಿ ಬರೆಯುವುದುಂಟು. ವ್ಯಂಗ್ಯವನ್ನು ಹೊಗಳಿಕೆಯೆಂದು ತಿಳಿಯುವ ಯಂತ್ರಕ್ಕೆ ಈ ಮಿಶ್ರಭಾಷೆಯು ಮತ್ತಷ್ಟು ಕಷ್ಟ. ಬರೆದವನು ತನ್ನ ಊರನ್ನು ಮೈಸೂರೆಂದಷ್ಟೇ ಹೇಳಿದರೆ, ಅವನು ನರಸಿಂಹರಾಜ, ಕೃಷ್ಣರಾಜ, ಚಾಮರಾಜ ಕ್ಷೇತ್ರಗಳಲ್ಲಿ ಯಾವುದರ ಮತದಾರನೆಂಬುದು ತಿಳಿಯದು. ವಾಟ್ಸ್‌ಆಪ್‌ನ ಗುಂಪುಗಳಲ್ಲಿ ನಡೆಯುವ ಖಾಸಗಿ ಮಾತು ಸಂಶೋಧಕನಿಗೆ ಕಾಣದು.

ಮತಪ್ರಮಾಣವು ಸರಿಯಾಗಿ ತಿಳಿದರೂ ಸ್ಥಾನಗಳ ಸಂಖ್ಯೆಯು ತಾನಾಗಿ ತಿಳಿಯದು. 2018ರ ಮೇ ತಿಂಗಳಿನಲ್ಲಿ ಕರ್ನಾಟಕದ 222 ಕ್ಷೇತ್ರಗಳಲ್ಲಿ ಮತದಾನವಾದಾಗ, ಸುಮಾರು ಶೇಕಡ 38 ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನಗಳೂ, ಸುಮಾರು ಶೇಕಡ 36 ಪಡೆದ ಭಾರತೀಯ ಜನತಾ ಪಕ್ಷಕ್ಕೆ 104 ಸ್ಥಾನಗಳೂ ದೊರೆತುವು.

ಹಾಗೆಂದು ಜಾಲತಾಣದ ಸಾಮಗ್ರಿಯು ನಿರುಪಯುಕ್ತವೆಂದಲ್ಲ. ಯಾವ ವಿಷಯವು ಚರ್ಚೆಗೆ ಬಂದಿದೆ, ಯಾವ ಸುಳ್ಳು ಹೇಗೆ ಹಬ್ಬಿತು ಎಂಬುದನ್ನು ತಿಳಿಯಲು ಅದು ಉತ್ತಮ ಸಾಧನ. ಅದನ್ನೇ ಜನಮತವೆಂದು ಭಾವಿಸಿದರೆ, ಮನೆಯಲ್ಲಿ ಬೀಡಿ ಕಟ್ಟುತ್ತ ಏನನ್ನೂ ಬರೆಯದಿರುವ ಹೆಂಗಸು ಅಭ್ಯರ್ಥಿಗಳ ಗಣನೆಯಿಂದ ಹೊರಗುಳಿಯುವಳು. ಹಣ ಕೊಟ್ಟು ಬರೆಯಿಸಿದ ನೂರು ಬರಹಗಳು ನೂರು ಮತದಾರರಂತೆ ತೋರುವುವು. ಆದುದರಿಂದ ಇಂತಹ ಮುನ್ಸೂಚನೆಯು ನಂಬಿಕೆಗೆ ಅರ್ಹವಾಗಬೇಕಾದರೆ ಮೂರು ನಿಬಂಧನೆಗಳು ಅವಶ್ಯ: ಎಣಿಕೆಯ ಕ್ರಮವನ್ನು ಮತದಾನಕ್ಕೆ ಮೊದಲೇ ಪ್ರಕಟಿಸಬೇಕು, ವಯಸ್ಸು, ಲಿಂಗ, ವಾಸಸ್ಥಳಗಳ ವ್ಯತ್ಯಾಸವನ್ನು ಸರಿದೂಗಿಸಬೇಕು, ಹಿಂದಿನ ಚುನಾವಣೆಯ ಫಲವನ್ನು ಮಾತ್ರವೇ ಆಧಾರವಾಗಿಟ್ಟುಕೊಂಡು ಮಾಡಿದ ಊಹೆಗಿಂತ ಇದು ಮೇಲೆಂದು ತೋರಿಸಬೇಕು.