ಇಂಗ್ಲಿಷಿನ ತಪ್ಪಿಗೆ ಕನ್ನಡವೇ ಕನ್ನಡಿ

ಹಾವೇರಿ ತಾಲ್ಲೂಕಿನ ಅಗಡಿಗೆ ಕನ್ನಡ ಗದ್ಯದ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯು ಗಳಗನಾಥರ ಸಂಪಾದಕತ್ವದಲ್ಲಿ ಉತ್ತರ ಕರ್ನಾಟಕದ ಓದುಗರಿಗೆ ಕನ್ನಡದ ರುಚಿ ಹತ್ತಿಸಿತು. ಅದೇ ಸೀಮೆಯ ಪದವೀಧರ ಇಂದು ಉದ್ಯೋಗಕ್ಕೆ ಅರ್ಜಿ ಬರೆಯಬೇಕಾದರೆ ಬಹುಪಾಲು ಇಂಗ್ಲಿಷಿನಲ್ಲೇ ಬರೆಯಬೇಕು. ಅದರಲ್ಲಿನ ಎರಡು ವ್ಯಾಕರಣ ದೋಷಗಳು ಅವನ ಹದಿನೈದು ವರ್ಷಗಳ ಓದನ್ನೇ ಮರೆಸಿಬಿಡಬಲ್ಲವು.

ಇಂಥ ದೋಷಗಳನ್ನು ದಡ್ಡತನವೆಂದು ತಳ್ಳಿಹಾಕುವುದು ಸುಲಭ. ಸೂಕ್ಷ್ಮವಾಗಿ ನೋಡಿದರೆ, ಅವುಗಳಲ್ಲಿ ಅನೇಕವು ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದಲೇ ಹುಟ್ಟಿದಂಥವು. ‘ಈ ವಿಷಯದ ಬಗ್ಗೆ ಚರ್ಚಿಸಿದೆವು’ ಎನ್ನುವವನು ‘ಡಿಸ್ಕಸ್ಡ್ ಅಬೌಟ್’ ಎಂದು ಬರೆಯುತ್ತಾನೆ. ಆದರೆ ‘ಡಿಸ್ಕಸ್’ ನೇರವಾಗಿ ಕರ್ಮಪದವನ್ನು ಹಿಡಿಯುವ ಕ್ರಿಯಾಪದ. ‘ಅಬೌಟ್’ ಅಲ್ಲಿ ಅನಗತ್ಯ. ‘ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆಮ್ ವರ್ಕಿಂಗ್ ಫ್ರಮ್ ಟೂ ಇಯರ್ಸ್’ ಆಗುತ್ತದೆ. ನಮ್ಮ ‘ಇಂದ’ ಪ್ರತ್ಯಯವೊಂದೇ ಮಾಡುವ ಕೆಲಸವನ್ನು ಇಂಗ್ಲಿಷ್ ಹಂಚಿಕೊಟ್ಟಿದೆ: ಅವಧಿಗೆ ‘ಫಾರ್’, ಆರಂಭದ ಕಾಲಕ್ಕೆ ‘ಸಿನ್ಸ್’. ಜೊತೆಗೆ ಕ್ರಿಯಾಪದವೂ ‘ಹ್ಯಾವ್ ಬೀನ್ ವರ್ಕಿಂಗ್’ ಎಂದಾಗಬೇಕು. ‘ನಿಯಮವೇನೆಂದು ತಿಳಿಸಿ’ ಎಂಬಲ್ಲಿ ಕನ್ನಡದ ಪದಗಳು ಪ್ರಶ್ನೆಯಲ್ಲಿದ್ದ ಕ್ರಮದಲ್ಲೇ ಉಳಿಯುತ್ತವೆ. ಇಂಗ್ಲಿಷಿನಲ್ಲಿ ‘ವಾಟ್ ಈಸ್ ದಿ ರೂಲ್’ ಎಂಬ ಪ್ರಶ್ನೆ ವಾಕ್ಯದೊಳಗೆ ಸೇರಿದಾಗ ‘ವಾಟ್ ದಿ ರೂಲ್ ಈಸ್’ ಎಂದು ತಿರುಗುತ್ತದೆ.

ಹೆಚ್ಚು ಕಾಡುವವು ‘ಎ’, ‘ಆ್ಯನ್’, ‘ದಿ’ಗಳು. ಕನ್ನಡದಲ್ಲಿ ಅವುಗಳಿಗೆ ನೇರ ಸಮಾನವಿಲ್ಲ. ಆದರೂ ‘ಎ’ ಮತ್ತು ‘ಆ್ಯನ್’ಗಳ ಗೊಂದಲಕ್ಕೆ ನಮ್ಮ ಲಿಪಿಯಲ್ಲೇ ಪರಿಹಾರವಿದೆ. ಮುಂದಿನ ಪದವನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆಯಿರಿ. ಮೊದಲಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ‘ಅವರ್’ ಎಂಬ ಗಂಟೆಗೆ ‘ಆ್ಯನ್’, ‘ಯೂನಿವರ್ಸಿಟಿ’ಗೆ ‘ಎ’, ‘ಎಂ.ಎ. ಡಿಗ್ರಿ’ಗೆ ‘ಆ್ಯನ್’. ಇಂಗ್ಲಿಷ್ ಕಾಗುಣಿತ ಮರೆಮಾಚುವುದನ್ನು ನಮ್ಮ ವರ್ಣಮಾಲೆ ಬಯಲು ಮಾಡುತ್ತದೆ.

ಹಾಗೆಂದು ನಮ್ಮ ಇಂಗ್ಲಿಷಿನ ವಿಶೇಷಗಳೆಲ್ಲ ತಪ್ಪಲ್ಲ. ಭಾರತೀಯರು ಬಳಕೆಗೆ ತಂದ ‘ಪ್ರಿಪೋನ್’ ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ಹೊಸ ಪದ ಭಾಷೆಯನ್ನು ಬೆಳೆಸುತ್ತದೆ. ವಾಕ್ಯದ ಕಟ್ಟು ಸಡಿಲಾದರೆ ಅರ್ಥವೇ ಕೆಡುತ್ತದೆ ಎಂಬ ವಿವೇಕವಿದ್ದರೆ ಸಾಕು.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಬೇಗ ಆರಂಭಿಸಿದ ಮಾತ್ರಕ್ಕೆ ಶುದ್ಧ ಬರವಣಿಗೆ ಕೈಗೂಡುವುದಿಲ್ಲ. ಎರಡು ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಎಲ್ಲಿ ಹೋಲುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಕಲಿಸುವ ಶಿಕ್ಷಕ ಬೇಕು. ಹಾವೇರಿ ಜಿಲ್ಲೆಗೆ ಸೇರಿದ ಸವಣೂರಿನಲ್ಲಿ 1909ರಲ್ಲಿ ಜನಿಸಿದ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡಕ್ಕೆ ಜ್ಞಾನಪೀಠ ತಂದರು. ಒಂದು ಭಾಷೆಯನ್ನು ಬಿಟ್ಟರೆ ಮಾತ್ರ ಇನ್ನೊಂದು ಒಲಿಯುತ್ತದೆಂಬ ಭ್ರಮೆಗೆ ಅವರ ಬದುಕೇ ಉತ್ತರ. ಇಂಗ್ಲಿಷ್ ತಪ್ಪಿದ ವಿದ್ಯಾರ್ಥಿಯನ್ನು ನೋಡಿ ನಗುವ ಬದಲು, ಅವನ ಕನ್ನಡ ವಾಕ್ಯ ಯಾವುದಿತ್ತೆಂದು ಕೇಳಿದರೆ ತಿದ್ದುವ ದಾರಿ ಅಲ್ಲಿಯೇ ಸಿಗುತ್ತದೆ.