ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನ ‘ಫ್ರೀ’ ಎಂಬ ಪದಕ್ಕೆ ದುಡ್ಡಿಲ್ಲದೆ ಸಿಗುವುದು ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಕಟ್ಟಿದ ರಿಚರ್ಡ್ ಸ್ಟಾಲ್‌ಮನ್ ಈ ಗೊಂದಲವನ್ನು ಬಿಡಿಸಿ ಹೇಳುತ್ತಲೇ ಇರಬೇಕಾಯಿತು. ಕನ್ನಡದಲ್ಲಿ ಆ ಕಷ್ಟವಿಲ್ಲ. ಒಂದು ಉಚಿತ, ಇನ್ನೊಂದು ಮುಕ್ತ. ಆದರೂ ನಾವು ಎರಡನ್ನೂ ಕಲಸಿಬಿಡುತ್ತೇವೆ.

ನಮ್ಮ ಜಗಳ ಹುಟ್ಟಿದ್ದು ಹಂಪಿಯ ಫೋಟೊಗಳಿಂದ. ಸಂಡೂರಿನ ನಾನು, ಕಂಪ್ಲಿಯ ಗೆಳೆಯ, ಹೊಸಪೇಟೆಯ ಗೆಳತಿ ಸೇರಿ ನಾವು ತೆಗೆದ ಚಿತ್ರಗಳನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಲು ಕೂತಿದ್ದೆವು. ಇತರರು ವ್ಯಾಪಾರಕ್ಕೆ ಬಳಸಬಾರದು ಎನ್ನುವ ಪರವಾನಗಿ ಅಲ್ಲಿ ನಡೆಯುವುದಿಲ್ಲ. ಕಂಪ್ಲಿಯವನು ಸಿಡಿದ: “ಬಿಸಿಲಾಗ ಒಣಗೋರು ನಾವು, ಕ್ಯಾಲೆಂಡರ್ ಹೊಡ್ಸಿ ರೊಕ್ಕ ಮಾಡೋರು ಲಾಡ್ಜ್‌ನೋರಾ?”

ಅವನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅವನ ಕಲ್ಲಿನ ರಥದ ಚಿತ್ರ ಒಂದು ಹೋಮ್‌ಸ್ಟೇ ಬೋರ್ಡಿನ ಮೇಲೆ ಹೆಸರಿಲ್ಲದೆ ರಾರಾಜಿಸಿತ್ತು. ಆದರೆ ಅದು ಕಳ್ಳತನ. ಕಾಮನ್ಸ್‌ನಲ್ಲಿ ಹೆಚ್ಚಾಗಿ ಬಳಸುವ ಸಿಸಿ ಬೈ-ಎಸ್‌ಎ ಪರವಾನಗಿಯಲ್ಲಿ ತೆಗೆದವರ ಹೆಸರು ಹಾಕಲೇಬೇಕು. ಚಿತ್ರವನ್ನು ಮಾರ್ಪಡಿಸಿ ಹಂಚಿದರೆ ಅದನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಇನ್ನು ವ್ಯಾಪಾರವೇ ಬೇಡವೆಂದರೆ ಲಾಡ್ಜ್ ಮಾತ್ರವಲ್ಲ, ವಿರೂಪಾಕ್ಷ ಗುಡಿಯ ಮುಂದೆ ಕಿರುಪುಸ್ತಿಕೆ ಅಚ್ಚುಹಾಕಿಸಿ ಮಾರುವವರೂ ಹೊರಗುಳಿಯುತ್ತಾರೆ. ತಂತ್ರಾಂಶದಲ್ಲೂ ಹಾಗೆಯೇ. ಬಳಸುವುದು, ಒಳಗೇನಿದೆಯೆಂದು ನೋಡಿ ತಿದ್ದುವುದು, ಹಂಚುವುದು, ತಿದ್ದಿದ್ದನ್ನೂ ಹಂಚುವುದು, ಈ ನಾಲ್ಕು ಸ್ವಾತಂತ್ರ್ಯಗಳಿದ್ದರೆ ಅದು ಮುಕ್ತ. ಮಾರಿದರೂ ತಪ್ಪಿಲ್ಲ. (ನಾಳೆ ಕಂಪನಿ ಸೇರಿ ಯಾರದೋ ಕೋಡ್ ಎತ್ತಿಕೊಳ್ಳುವ ಮುನ್ನ ಅದರ ಪರವಾನಗಿ ಓದಿಕೊಳ್ಳಿ.)

ಗೆಳತಿ ಸುಲಭಕ್ಕೆ ಒಪ್ಪುವವಳಲ್ಲ. “ಮುಕ್ತ ಅನ್ನೋರೇ ಬೀಗ ಹಾಕಿಲ್ವಾ?” ಎಂದಳು. ಹಾಕಿದ್ದಾರೆ. ಸ್ಟಾಲ್‌ಮನ್ ಬಳಗವೇ ಕೈಪಿಡಿಗಳಿಗೆಂದು ರೂಪಿಸಿದ ಜಿಎಫ್‌ಡಿಎಲ್ ಪರವಾನಗಿಯಲ್ಲಿ ಕೆಲವು ಭಾಗಗಳನ್ನು ಯಾರೂ ತಿದ್ದಬಾರದೆಂದು ಗುರುತು ಹಾಕಬಹುದು. ಅಂಥ ಕೈಪಿಡಿ ಮುಕ್ತವಲ್ಲವೆಂದು 2006ರಲ್ಲಿ ಡೆಬಿಯನ್ ಬಳಗ ಮತ ಹಾಕಿ ತೀರ್ಮಾನಿಸಿತು. ತಂತ್ರಾಂಶ ತಿದ್ದಿದ ಮೇಲೆ ಅದರ ಕೈಪಿಡಿಯನ್ನು ಪೂರ್ತಿ ತಿದ್ದಲಾಗದಿದ್ದರೆ ಏನು ಪ್ರಯೋಜನ? ನನ್ನ ಮತವೂ ಡೆಬಿಯನ್‌ಗೇ. ಅಷ್ಟೇ ಅಲ್ಲ, ಪ್ರತಿಯೊಂದು ಪ್ರತಿಯ ಜೊತೆ ಪರವಾನಗಿಯ ಪೂರ್ಣ ಪಠ್ಯವೂ ಇರಬೇಕು. ಹಂಪಿಯ ಒಂದು ಪೋಸ್ಟ್‌ಕಾರ್ಡ್ ಮಾರಬೇಕೆಂದರೆ ಅದರ ಬೆನ್ನಿಗೆ ಹಲವು ಪುಟಗಳ ಕಾನೂನು! ಕನ್ನಡವೂ ಸೇರಿದಂತೆ ವಿಕಿಪೀಡಿಯಗಳು 2009ರಲ್ಲಿ ಸಿಸಿ ಬೈ-ಎಸ್‌ಎಗೆ ಬಂದವು.

ಕಂಪ್ಲಿಯವನು ಎಲ್ಲ ಕೇಳಿ ತನ್ನ ಇಪ್ಪತ್ತರಲ್ಲಿ ಮೂರು ಚಿತ್ರ ಹಾಕಿದ. ಮಾತಂಗ ಬೆಟ್ಟದ ಸೂರ್ಯೋದಯ ಮಾತ್ರ ಇನ್ನೂ ಅವನ ಫೋನಿನಲ್ಲೇ ಇದೆ.