ಸರ್ವರ್ ನಿಧಾನವೋ, ಕಚೇರಿಯ ಗಣಕಯಂತ್ರ ನಿಧಾನವೋ?

ಕಡ್ಡಿರಾಂಪುರದಂತಹ ಗ್ರಾಮದಿಂದ ನಮೂನೆ 9 ಮತ್ತು 11ಬಿ ಕೋರಿ ಬರುವ ಕೂಲಿಕಾರರಿಗೆ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಉತ್ತರ ದೊರೆತರೆ ಅವರು ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನು. ಆ ಉತ್ತರ ಕೆಲವೊಮ್ಮೆ ನಿಜವಾಗಿರುತ್ತದೆ. ಕೆಲವೊಮ್ಮೆ ದೋಷವು ಮೇಜಿನ ಮೇಲಿನ ಯಂತ್ರದಲ್ಲಿಯೇ ಇರುತ್ತದೆ. ಇ-ಸ್ವತ್ತು ಅಥವಾ ಪಂಚತಂತ್ರ 2.0 ತೆರೆಯದಿದ್ದಾಗ ಅದರ ಲಾಗಿನ್ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡುವುದು ಮೊದಲ ಪರೀಕ್ಷೆ. ಅಲ್ಲಿ ತಕ್ಷಣ ತೆರೆದುಕೊಂಡರೆ ಕಚೇರಿಯ ಯಂತ್ರವನ್ನು ಇಲ್ಲವೇ ಅಂತರ್ಜಾಲ ಸಂಪರ್ಕವನ್ನು ಪರಿಶೀಲಿಸಬೇಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಹತ್ತಾರು ಟ್ಯಾಬ್‌ಗಳು ತೆರೆದಿದ್ದರೆ ಮೆಮೊರಿ ತುಂಬಿ, ಯಂತ್ರವು ಹಾರ್ಡ್ ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ. ತಿರುಗುವ ತಟ್ಟೆಯ ಹಳೆಯ ಡಿಸ್ಕ್ ಆ ವೇಗಕ್ಕೆ ಒದಗದು; ಪರದೆ ಸ್ತಬ್ಧವಾಗುವುದು ಆಗಲೇ. ಅನಗತ್ಯ ಟ್ಯಾಬ್ ಮತ್ತು ಎಕ್ಸ್‌ಟೆನ್ಷನ್‌ಗಳನ್ನು ತೆಗೆಯುವುದು, ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ ಸೇವರ್ ಚಾಲನೆಗೊಳಿಸುವುದು, ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡವಾದವನ್ನು ನಿಷ್ಕ್ರಿಯಗೊಳಿಸುವುದು ಇದಕ್ಕೆ ಖರ್ಚಿಲ್ಲದ ಪರಿಹಾರ. ಡಿಜಿಟಲ್ ಸಹಿ ಟೋಕನ್ನಿನ ತಂತ್ರಾಂಶ ಹಾಗೂ ಆಂಟಿವೈರಸ್‌ಗಳನ್ನು ಮಾತ್ರ ಮುಟ್ಟಬಾರದು. ಬ್ರೌಸಿಂಗ್ ದತ್ತಾಂಶ ಅಳಿಸುವಾಗ ಕ್ಯಾಶ್ ಕಡತಗಳನ್ನಷ್ಟೇ ಆಯ್ದುಕೊಳ್ಳುವುದು ಕ್ಷೇಮ.

ಒಂದು ಸಣ್ಣ ಕಾರಣ ಬಹಳ ಕಾಡುತ್ತದೆ. ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿ ಮುಗಿದರೆ ಯಂತ್ರದ ದಿನಾಂಕ ಹಿಂದಕ್ಕೆ ಹೋಗುತ್ತದೆ. ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿ ಆ ತಪ್ಪು ದಿನಾಂಕಕ್ಕೆ ಹೊಂದದೆ ಬ್ರೌಸರ್ ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ಅದನ್ನೂ ಸರ್ವರ್ ದೋಷವೆಂದೇ ಹೇಳಿಬಿಡುವುದುಂಟು. ಅಗ್ಗದ ಬ್ಯಾಟರಿಯೊಂದರಿಂದ ಸರಿಹೋಗುವ ವಿಷಯವಿದು.

ಸಂಡೂರು, ಹೊಸಪೇಟೆ ಭಾಗದ ಅದಿರಿನ ಧೂಳು ಹಾಗೂ ಬೇಸಿಗೆಯ ಬಿಸಿಲನ್ನೂ ಗಮನಿಸಬೇಕು. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಪ್ರೊಸೆಸರ್ ಕಾದು, ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನ ಮಾತ್ರ ನಿಧಾನವಾಗುವ ಯಂತ್ರದಲ್ಲಿ ಮೊದಲು ನೋಡಬೇಕಾದುದು ಇದನ್ನೇ.

ಎಲ್ಲವೂ ಸೆಟ್ಟಿಂಗ್‌ನಿಂದ ಸರಿಹೋಗದು. ವಿಂಡೋಸ್ 7ಕ್ಕೆ ಕ್ರೋಮಿನ 109ನೇ ಆವೃತ್ತಿಯೇ ಕೊನೆಯದು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ಪರಿಷ್ಕರಣೆಯಿಲ್ಲದ ಯಂತ್ರದಲ್ಲಿ ಡಿಜಿಟಲ್ ಸಹಿ ಬಳಸಿ ಹಣ ಪಾವತಿಸುವುದು ಅಪಾಯಕರ. ಹೊಸ ಯಂತ್ರದ ಬೇಡಿಕೆ ಸಭೆಗೆ ಬಂದಾಗ ಸದಸ್ಯರು ಮೊದಲು ಯಂತ್ರದ ರ‍್ಯಾಮ್ ಎಷ್ಟು, ಡಿಸ್ಕ್ ಯಾವ ಬಗೆಯದು, ಅದು ವಿಂಡೋಸ್ 11ಕ್ಕೆ ಅರ್ಹವೇ ಎಂದು ಕೇಳಬೇಕು. ಅರ್ಹವಾಗಿದ್ದರೆ ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ಅಳವಡಿಸಿದರೆ ಸಾಕಾಗಬಹುದು. ತೆಗೆದ ಹಳೆಯ ಡಿಸ್ಕನ್ನು ಗುಜರಿಗೆ ಕೊಡದೆ ಕಚೇರಿಯ ಸುಪರ್ದಿನಲ್ಲಿಡಬೇಕು. ಗ್ರಾಮಸ್ಥರ ಆಧಾರ್ ಪ್ರತಿಗಳು, ಆಸ್ತಿ ದಾಖಲೆಗಳು ಅದರಲ್ಲಿಯೇ ಉಳಿದಿರುತ್ತವೆ.